ಎಮ್ಮೆಯ ಹಾಡನ್ನು ಕೇಳುವ ಬಗೆ

ತಮಾಷೆಯ ಹಾಡಿಗೆ ಅಷ್ಟೇನೂ ಕಿವಿಗೊಡಬೇಕಿಲ್ಲ ಎನ್ನುವವರು 1974ರ ‘ಸಂಪತ್ತಿಗೆ ಸವಾಲ್’ ಚಿತ್ರದ ‘ಯಾರೇ ಕೂಗಾಡಲಿ’ ಹಾಡನ್ನು ಇನ್ನೊಮ್ಮೆ ಕೇಳಬೇಕು. ನಾಯಕ ಎಮ್ಮೆಯ ಬೆನ್ನೇರಿ ಅದೇ ಎಮ್ಮೆಯನ್ನು ಹೊಗಳುತ್ತಾನೆ; ಸಂಗತಿ ಇಷ್ಟೇ. ಬರೆದವರು ಚಿ. ಉದಯಶಂಕರ್, ಸಂಗೀತ ಜಿ.ಕೆ. ವೆಂಕಟೇಶ್ ಅವರದು. ಹಾಡಿದವರು ಎಮ್ಮೆ ಮೇಲೆ ಕೂತ ರಾಜಕುಮಾರ್ ಅವರೇ.

ಆಗಿನ ಪ್ರೇಕ್ಷಕರಿಗೆ ಇದೇ ದೊಡ್ಡ ಸುದ್ದಿ. ರಾಜಕುಮಾರ್ ಅದಕ್ಕೆ ಮುಂಚೆ ಹಾಡಿದ್ದು ಅಪರೂಪ. ತೆರೆಯ ಮೇಲೆ ಅವರು ಬಾಯಿ ತೆರೆದರೆ ಹೆಚ್ಚಾಗಿ ಕೇಳುತ್ತಿದ್ದದ್ದು ಪಿ.ಬಿ. ಶ್ರೀನಿವಾಸ್ ಅವರ ಮೆಲುದನಿ. ಹಾಗಾಗಿ ಮೊದಲು ‘ನಾಂದಿ’ ಚಿತ್ರದ ‘ಹಾಡೊಂದ ಹಾಡುವೆ’ ಕೇಳಿ, ಬೆನ್ನಿಗೇ ಇದನ್ನು ಹಾಕಿ. ಅಲ್ಲಿಯ ದನಿ ಹತ್ತಿರ ಕೂತು ಸಂತೈಸುತ್ತದೆ. ಇಲ್ಲಿಯದು ಬಯಲಿನ ಗಂಟಲು. ಗುಬ್ಬಿ ಕಂಪನಿಯ ರಂಗದ ಮೇಲೆ ಪಳಗಿದ ಕಂಠವದು. ಕೊನೆಯ ಸಾಲಿನಲ್ಲಿ ಕೂತವನಿಗೂ ಒಂದೊಂದು ಅಕ್ಷರ ಮುಟ್ಟಬೇಕು. ಒತ್ತಕ್ಷರಗಳ ಮೇಲೆ ಗಮನವಿಡಿ: ಒಂದೂ ಜಾರುವುದಿಲ್ಲ.

ಮೊದಲ ಸಲ ಕಣ್ಣು ಮುಚ್ಚಿಯೇ ಕೇಳುವುದು ಒಳ್ಳೆಯದು. ನಡುನಡುವೆ ದನ ಹೊಡೆಯುವವರ ಕೂಗು ಬರುತ್ತದೆಯಲ್ಲ, ಅದನ್ನು ಹಾಡಿನ ಅಲಂಕಾರವೆಂದು ತಳ್ಳಿಹಾಕಬೇಡಿ. ನಾಲಿಗೆ ಆಡಿಸಿ ಹೊರಡಿಸುವ ಆ ಸದ್ದು ತಾಳದೊಳಗೇ ಕೂತಿದೆ. ಕೂಗು ಎಲ್ಲಿ ಮುಗಿದು ರಾಗ ಎಲ್ಲಿ ಶುರುವಾಯಿತೆಂದು ಹೇಳುವುದು ಕಷ್ಟ.

ಇನ್ನು ನಗುವಿನ ವಿಚಾರ. ಹಾಡುವವರು ಒಮ್ಮೆಯೂ ನಗುವುದಿಲ್ಲ; ನನ್ನ ಮಟ್ಟಿಗೆ ಈ ಹಾಡಿನ ಗುಟ್ಟೇ ಅದು. ಕೀಟಲೆಯ ದನಿ ತೆಗೆದು ‘ನೋಡಿ, ಇದು ಜೋಕು’ ಎಂದು ತೋರಿಸಿದ್ದರೆ ಹಾಡು ಆ ವಾರಕ್ಕೇ ಹಳಸುತ್ತಿತ್ತು. ಬಿಸಿಲು ಮಳೆಗೆ ಅಳುಕದ, ಯಾರ ಮಾತಿಗೂ ತಲೆಕೆಡಿಸಿಕೊಳ್ಳದ ಪ್ರಾಣಿಯನ್ನು ಅವರು ನಿಜವಾಗಿಯೂ ಮೆಚ್ಚಿ ಹಾಡುತ್ತಾರೆ. ಕೋಣನ ಮುಂದೆ ಕಿನ್ನರಿ ಬಾರಿಸಿದಂತೆ ಎಂದು ನಾವು ಬೈಯುತ್ತೇವೆ. ಇಲ್ಲಿ ಕಿನ್ನರಿಯೇ ಎಮ್ಮೆಗೆ ಕೈಮುಗಿದಿದೆ. ‘ಎಮ್ಮೆ ಚರ್ಮ’ ಎಂಬ ಬೈಗುಳವೂ ಮೂರ್ನಾಲ್ಕು ನಿಮಿಷ ಬಿರುದಾಗಿಬಿಡುತ್ತದೆ. ನಗು ಕೇಳುವವರ ಪಾಲಿನದು.

ಚಿತ್ರದ ಮೂಲ ಪಿ.ಬಿ. ಧುತ್ತರಗಿ ಅವರ ನಾಟಕ. ನಾಟಕದ ಹಾಡುಗಳ ರುಚಿ ಬಲ್ಲವರಿಗೆ ಈ ಹಾಡಿನ ಜವಾರಿತನ ಹೊಸದೆನಿಸದು.

ಕೇಳಿ ಮುಗಿದ ಮೇಲೆ ತೆರೆಯನ್ನೂ ನೋಡಿ. ಎಮ್ಮೆಯ ನಡಿಗೆಗೆ ಅವಸರವಿಲ್ಲ, ಸವಾರನಿಗೂ ಇಲ್ಲ.

ಇದರ ನಂತರ ರಾಜಕುಮಾರ್ ತಮ್ಮ ಪಾತ್ರಗಳಿಗೆ ತಾವೇ ಹಾಡತೊಡಗಿದರು. ‘ಜೀವನ ಚೈತ್ರ’ದ ‘ನಾದಮಯ’ ಅವರಿಗೆ ಗಾಯನದ ರಾಷ್ಟ್ರಪ್ರಶಸ್ತಿ ತಂದುಕೊಟ್ಟಿತು. ಅದನ್ನೂ ಕೇಳಿ, ತಪ್ಪಿಲ್ಲ. ಆದರೆ ಎಮ್ಮೆಯ ಹಾಡನ್ನು ಅದಕ್ಕಿಂತ ಕೆಳಗಿಡಬೇಡಿ.