ಸುರುಳಿ ಕಳಕೊಂಡ ಯಾತ್ರಿಕ

ಸಿಂಧನೂರು, ಲಿಂಗಸುಗೂರು, ಮಸ್ಕಿ ಕಡೆಯ ಕ್ರೈಸ್ತ ಉಜ್ಜೀವನ ಕೂಟಗಳಲ್ಲಿ ಸಾಕ್ಷಿ ಹೇಳುವುದಕ್ಕೆ ದೊಡ್ಡ ಮಾನವಿದೆ. ಎದ್ದು ನಿಂತವರು ತಾವು ರಕ್ಷಣೆ ಹೊಂದಿದ ದಿನವನ್ನು ಹೇಳಬೇಕು. ಥಟ್ಟನೆ ಹೇಳಿದರೆ ಸಭೆಗೆ ಸಮಾಧಾನ, ತಡವರಿಸಿದರೆ ಅನುಮಾನ. ಈ ರೂಢಿ ಪಡೆದಿರುವ ಗೌರವ ಅದರ ಯೋಗ್ಯತೆಗೆ ಮೀರಿದ್ದು ಎಂಬುದು ನನ್ನ ಖಚಿತ ಅಭಿಪ್ರಾಯ. ಅದಕ್ಕೆ ಉತ್ತರ ಕೊಡಬಲ್ಲ ಪುಸ್ತಕ 1847ರಲ್ಲೇ ಕನ್ನಡಕ್ಕೆ ಬಂದಿದೆ: ಇಂಗ್ಲಿಷ್ ಬೋಧಕ ಜಾನ್ ಬನಿಯನ್‌ನ ‘ಯಾತ್ರಿಕನ ಸಂಚಾರ’. ನಮ್ಮ ಸಾಹಿತ್ಯ ಚರಿತ್ರೆಗಳು ಅದನ್ನು ಕಾದಂಬರಿಯ ಪೂರ್ವಸಿದ್ಧತೆಯೆಂದು ಒಂದೇ ಸಾಲಿನಲ್ಲಿ ಮುಗಿಸುತ್ತವೆ. ಸಂಡೇ ಸ್ಕೂಲಿನವರು ಸಿಂಹ, ರಾಕ್ಷಸರಿರುವ ಮಕ್ಕಳ ಕಥೆ ಮಾಡಿಕೊಂಡಿದ್ದಾರೆ. ಎರಡೂ ಅನ್ಯಾಯವೇ.

ಪುಸ್ತಕದ ಜೀವಾಳವಿರುವುದು ಕಷ್ಟದ ಗುಡ್ಡದ ಪ್ರಸಂಗದಲ್ಲಿ. ಅದಕ್ಕೂ ಮುಂಚೆ ಶಿಲುಬೆಯ ಬಳಿ ಯಾತ್ರಿಕನ ಬೆನ್ನ ಮೇಲಿನ ಪಾಪದ ಹೊರೆ ಕಳಚಿ ಬಿದ್ದಿರುತ್ತದೆ. ಅಲ್ಲಿ ಅವನಿಗೆ ಪಾಪಕ್ಷಮೆಯ ಮಾತು ಸಿಗುತ್ತದೆ; ಹರಕು ಬಟ್ಟೆ ಹೋಗಿ ಹೊಸ ಉಡುಪು, ಹಣೆಯ ಮೇಲೊಂದು ಗುರುತು, ಮುದ್ರೆಯೊತ್ತಿದ ಒಂದು ಸುರುಳಿ ಬರುತ್ತವೆ. ಸುರುಳಿಯೆಂದರೆ ತಾನು ಅಂಗೀಕೃತನೆಂಬ ನಿಶ್ಚಯ ಎಂದು ಬನಿಯನ್ನನೇ ಬಿಡಿಸಿ ಹೇಳುತ್ತಾನೆ. ಗುಡ್ಡದ ನಡುವಿನ ನೆರಳು ಮಂಟಪದಲ್ಲಿ ಕೂತು ಯಾತ್ರಿಕ ಅದನ್ನು ಓದುತ್ತಾನೆ, ಉಡುಪು ನೋಡಿಕೊಂಡು ಹಿಗ್ಗುತ್ತಾನೆ, ನಿದ್ದೆಗೆ ಜಾರುತ್ತಾನೆ. ಸುರುಳಿ ಕೈಬಿಟ್ಟು ಬೀಳುತ್ತದೆ.

ಇಲ್ಲಿನ ಒಂದೊಂದು ವಿವರವನ್ನೂ ನಿಂತು ಓದಬೇಕು. ಆ ಮಂಟಪ ಸೈತಾನನ ಬಲೆಯಲ್ಲ. ದಣಿದವರಿಗೆಂದು ಗುಡ್ಡದ ಒಡೆಯನೇ ಕಟ್ಟಿಸಿದ್ದು. ಅಂದರೆ ದೇವರು ಕೊಟ್ಟ ಸಮಾಧಾನದಲ್ಲೇ ಮೈಮರೆಯುವ ಅಪಾಯವಿದೆ. ಸುರುಳಿ ಬಿದ್ದದ್ದು ಯಾತ್ರಿಕನಿಗೆ ಆಗ ಗೊತ್ತಾಗುವುದಿಲ್ಲ. ಗುಡ್ಡದ ತುದಿಯಲ್ಲಿ ಇಬ್ಬರು ಜನ ದಾರಿಯ ಸಿಂಹಗಳಿಗೆ ಹೆದರಿ ಓಡಿಬಂದಾಗ, ಧೈರ್ಯಕ್ಕೆಂದು ಎದೆ ತಡವಿಕೊಂಡಾಗಲೇ ಗೊತ್ತಾಗುವುದು. ಆಗ ಅವನು ಅಳುತ್ತ ಹಿಂದಿರುಗುತ್ತಾನೆ, ಹುಡುಕುತ್ತಾನೆ, ಸಿಕ್ಕಿದ ಮೇಲೆ ಮತ್ತೆ ಹತ್ತುತ್ತಾನೆ. ಒಮ್ಮೆ ನಡೆದರೆ ಸಾಕಿದ್ದ ದಾರಿಯನ್ನು ಮೂರು ಸಲ ನಡೆದದ್ದಾಯಿತು, ಹೊತ್ತೂ ಮುಳುಗಿತು. ತಪ್ಪಿಗೆ ಬೆಲೆ ತೆರಬೇಕು. ಬನಿಯನ್ ಅದನ್ನು ಮುಚ್ಚಿಡುವುದಿಲ್ಲ.

ಆದರೆ ಇಷ್ಟೆಲ್ಲದರ ನಡುವೆ ಅವನ ಉಡುಪು ಮೈಮೇಲೇ ಇದೆ, ಹಣೆಯ ಗುರುತು ಅಳಿಸಿಲ್ಲ. ಶಿಲುಬೆಗೆ ವಾಪಸು ಹೋಗಿ ಇನ್ನೊಮ್ಮೆ ಹೊರೆ ಇಳಿಸಿಕೊ ಎಂದು ಯಾರೂ ಹೇಳುವುದಿಲ್ಲ. ಕಳೆದದ್ದು ನಿಶ್ಚಯ ಮಾತ್ರ, ರಕ್ಷಣೆಯಲ್ಲ. ಕಡೆಯ ನದಿಯಲ್ಲೂ ಈ ಯಾತ್ರಿಕ ಭಯದಿಂದ ಮುಳುಗುತ್ತಾನೆ, ಜೊತೆಗಾರ ಅವನ ತಲೆ ಎತ್ತಿ ಹಿಡಿದು ದಾಟಿಸಬೇಕಾಗುತ್ತದೆ. ಅದೇ ನದಿಯನ್ನು ‘ಅಜ್ಞಾನಿ’ ಎಂಬವನು ಪೊಳ್ಳು ಭರವಸೆಯ ದೋಣಿಯಲ್ಲಿ ಸಲೀಸಾಗಿ ದಾಟುತ್ತಾನೆ. ಆಚೆಯ ಸ್ವರ್ಗನಗರಿಯ ಬಾಗಿಲಲ್ಲಿ ತೋರಿಸಲು ಅವನ ಬಳಿ ಏನೂ ಇರುವುದಿಲ್ಲ. ನಡುಗಿದವನು ಒಳಗೆ, ಎದೆಯುಬ್ಬಿಸಿ ಬಂದವನು ಹೊರಗೆ. ಧೈರ್ಯದ ಮಾತಿಗೇ ಮಣೆ ಹಾಕುವ ಸಾಕ್ಷಿಯ ರೂಢಿಗೆ ಇದಕ್ಕಿಂತ ಕಟುವಾದ ವಿಮರ್ಶೆಯಿಲ್ಲ.

ನಮ್ಮ ಬೋಧಕರ ಎರಡು ಪಂಗಡಗಳೂ ನಿಶ್ಚಯ ಬೇರೆ, ರಕ್ಷಣೆ ಬೇರೆ ಎಂಬ ಈ ಮಾತನ್ನು ಒಪ್ಪುವುದಿಲ್ಲ. ಒಮ್ಮೆ ರಕ್ಷಣೆಯಾದರೆ ಮುಗಿಯಿತು ಎನ್ನುವವರು ಬೈಬಲಿನ ಯೋಹಾನ 10ನ್ನು ಹಿಡಿಯುತ್ತಾರೆ. ಕಳೆದುಕೊಳ್ಳಬಹುದು ಎನ್ನುವವರು ಇಬ್ರಿಯ 6ನ್ನು. ಮೊದಲನೆಯವರಿಗೆ ನೆನಪಿಸಬೇಕಾದ್ದು: ಅವರ ಮತದ ಅಡಿಪಾಯವಾದ 1618–19ರ ಡಾರ್ಟ್ ಧರ್ಮಸಭೆಯೇ, ವಿಶ್ವಾಸಿ ಪಾಪದಲ್ಲಿ ಬಿದ್ದಾಗ ದೇವರ ಕೃಪೆಯ ಅನುಭವ ಕೆಲಕಾಲ ತಪ್ಪಬಹುದೆಂದು ಒಪ್ಪಿದೆ. ಎರಡನೆಯವರಲ್ಲಿ ನಮ್ಮ ಭಾಗದ ಮೆಥಡಿಸ್ಟರೂ ಇದ್ದಾರೆ. ಅವರ ಗುರು ಜಾನ್ ವೆಸ್ಲಿ, ಬನಿಯನ್ನನ ಮತವನ್ನು ಒಪ್ಪದಿದ್ದರೂ, 1743ರಲ್ಲಿ ಈ ಪುಸ್ತಕವನ್ನು ಸಂಕ್ಷೇಪಿಸಿ ತನ್ನ ಜನರ ಕೈಗಿತ್ತ. ವಾದಕ್ಕಿಂತ ದಾರಿ ನಡೆಸುವುದು ಮುಖ್ಯವೆಂದು ಆತ ಬಲ್ಲ. ನಮ್ಮವರು ವಚನಗಳನ್ನು ಪರಸ್ಪರ ಎಸೆದಾಡುತ್ತ, ಎದುರಿಗೆ ಕೂತ ಅಂಜಿದ ಮನುಷ್ಯನನ್ನು ಮರೆಯುತ್ತಾರೆ.

ಆ ಮನುಷ್ಯ ಯಾರು? ಮಳೆ ಕೈಕೊಟ್ಟ ವರ್ಷ ಲಿಂಗಸುಗೂರು, ಮಸ್ಕಿಯ ಒಣಬೇಸಾಯದ ಹಳ್ಳಿಗಳಿಂದ ಬೆಂಗಳೂರಿಗೆ ಗುಳೆ ಹೋದವನು. ಕಟ್ಟಡದ ಕೆಲಸದಲ್ಲಿ ತಿಂಗಳುಗಟ್ಟಲೆ ಸಭೆಯಿಲ್ಲ, ಪ್ರಾರ್ಥನೆಯೂ ತಪ್ಪಿದೆ. ತಿರುಗಿ ಬಂದರೆ ‘ಹಿಂಜಾರಿದವನು’ ಎಂಬ ಹೆಸರು ಕಾದಿರುತ್ತದೆ. ಮತ್ತೆ ಮೊದಲಿನಿಂದ ಶುರುಮಾಡು ಎನ್ನುತ್ತಾರೆ. ಅವನಿಗೆ ಬೇಕಾದದ್ದು ಇನ್ನೊಂದು ತಾರೀಖಲ್ಲ, ಸುರುಳಿ ಬಿದ್ದ ಜಾಗದವರೆಗೆ ಜೊತೆಗೆ ಬರುವ ಒಬ್ಬ ಹಿರಿಯ. ತಾರೀಖಿಲ್ಲದೆಯೂ ನಂಬಿಕೆ ಬಾಳುತ್ತದೆ ಎಂಬುದಕ್ಕೆ ದೂರ ಹೋಗಬೇಕಿಲ್ಲ: ಲಿಂಗಸುಗೂರು ತಾಲ್ಲೂಕಿನದೇ ಆದ ಮುದಗಲ್‌ನಲ್ಲಿ ಆದಿಲ್‌ಶಾಹಿ ಕಾಲದಿಂದ ಕಥೋಲಿಕರಿದ್ದಾರೆ. ಅರಸೊತ್ತಿಗೆಗಳು ಬದಲಾದವು, ಅಲ್ಲಿ ಬೇರು ಬಿಟ್ಟ ಯೇಸುಸಭೆ ಎಂಬ ಜೆಸ್ಯೂಟ್ ಪಾದ್ರಿಗಳ ಸಂಘವನ್ನು 1773ರಲ್ಲಿ ಪೋಪರೇ ವಿಸರ್ಜಿಸಿದರು, ಸಮುದಾಯ ಉಳಿಯಿತು. ಎಳೆತನದಲ್ಲೇ ದೀಕ್ಷಾಸ್ನಾನ ಪಡೆದ ಅವರನ್ನು ರಕ್ಷಣೆಯ ದಿನ ಕೇಳುವುದು, ತಲೆಮಾರುಗಳ ತಾಳ್ಮೆಯನ್ನು ಕಡೆಗಣಿಸಿದಂತೆ.

ಪುಸ್ತಕದಲ್ಲಿ ಕುಂದಿಲ್ಲವೆಂದಲ್ಲ. ಹೆಂಡತಿ ಮಕ್ಕಳನ್ನು ಬಿಟ್ಟು ಕಿವಿ ಮುಚ್ಚಿಕೊಂಡು ಓಡುವ ಯಾತ್ರಿಕನನ್ನು ನಮ್ಮ ಮನೆಗಳು ಸುಲಭಕ್ಕೆ ಕ್ಷಮಿಸವು. 1684ರ ಎರಡನೆಯ ಭಾಗದಲ್ಲಿ ಆ ಹೆಂಡತಿ ಮಕ್ಕಳೂ, ಕುಂಟರೂ, ಅಳ್ಳೆದೆಯವರೂ ಒಟ್ಟಾಗಿ ನಡೆಯುವುದರಿಂದ ಅದು ತಕ್ಕಮಟ್ಟಿಗೆ ತುಂಬಿಬರುತ್ತದೆ. ಸಾಕ್ಷಿಯೂ ಸುಳ್ಳಲ್ಲ, ಕುಡಿತ ಬಿಟ್ಟವನ ಮಾತು ಇನ್ನೊಬ್ಬನನ್ನು ಎಬ್ಬಿಸಬಹುದು. ಆದರೆ ಅದು ಯಾತ್ರೆಯ ಒಂದು ದಿನದ ಸುದ್ದಿ. ಉಳಿದ ದಿನಗಳನ್ನು ಹೇಗೆ ನಡೆಯಬೇಕೆಂದು ಅದು ಕಲಿಸದು. ಮುಂದಿನ ಕೂಟದಲ್ಲಿ ತಾರೀಖು ಕೇಳುವುದನ್ನು ಬಿಟ್ಟು, ಕಷ್ಟದ ಗುಡ್ಡದ ಈ ಪ್ರಸಂಗವನ್ನು ಗಟ್ಟಿಯಾಗಿ ಓದಲಿ. ಕೊನೆಯವರೆಗೆ ತಾಳುವವರು ಹುಟ್ಟುವುದು ಅಲ್ಲಿಂದ.