ಪುಕ್ಕಟೆ ಚಿತ್ತಾರಗಳು

ನಮ್ಮ ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಈ ಸಲ ಗರತಿಯ ಹಾಡುಗಳನ್ನು ಕುರಿತು ನಾಲ್ಕಾರು ಲೇಖನಗಳಿದ್ದುವು. ಮುಖಪುಟಕ್ಕೆ ಕಸೂತಿಯ ಆನೆಯಿರಲೆಂದು ಗೊತ್ತಾಯಿತು. ವಿದ್ಯಾರ್ಥಿಯೊಬ್ಬ ಹತ್ತು ನಿಮಿಷದಲ್ಲಿ ಆನೆಯನ್ನು ಕಂಪ್ಯೂಟರಿನ ಮೇಲೆ ತಂದು ನಿಲ್ಲಿಸಿ, “ಪುಕ್ಕಟೆ ಸಿಕ್ಕೈತ್ರಿ ಸರ್” ಎಂದ. ಆನೆ ಚೆಲುವಾಗಿಯೇ ಇತ್ತು. ಆದರೆ ಅದು ಕಸೂತಿಯ ಆನೆಯಾಗಿರಲಿಲ್ಲ. ಏಕೆಂದು ಅವನು ಕೇಳಿದಾಗ ನನಗೆ ಥಟ್ಟನೆ ಉತ್ತರ ಹೊಳೆಯಲಿಲ್ಲ.

ಅಂತರ್ಜಾಲದಲ್ಲಿ ರಾಶಿರಾಶಿಯಾಗಿ ದೊರೆಯುವ ಇಂಥ ಚಿತ್ತಾರಗಳಿಗೆ ವೆಕ್ಟರ್ ಚಿತ್ರಗಳೆಂದು ಹೆಸರು. ಬಣ್ಣದ ಚುಕ್ಕೆಗಳ ಮೊತ್ತವಾಗಿರದೆ, ಬಿಂದುಗಳು ಮತ್ತು ಅವನ್ನು ಕೂಡಿಸುವ ಗೆರೆಗಳ ಲೆಕ್ಕವಾಗಿ ಚಿತ್ರ ಉಳಿದಿರುತ್ತದೆ. ಅಂಚೆಚೀಟಿಯಷ್ಟಿದ್ದುದನ್ನು ಹೆಬ್ಬಾಗಿಲಷ್ಟು ಹಿಗ್ಗಿಸಿದರೂ ಅಂಚು ಕೆಡುವುದಿಲ್ಲ. ಲಗ್ನಪತ್ರಿಕೆ, ಸೀರೆಯಂಗಡಿಯ ಚೀಲ, ಕವನಸಂಕಲನದ ಮುಖಪುಟ, ಎಲ್ಲೆಲ್ಲಿಯೂ ಅದೇ ಮಾವಿನಕಾಯಿ, ಅದೇ ಮಂಡಲ. ಕೈಯಲ್ಲಿ ಕಾಸಿಲ್ಲದ ಸಣ್ಣ ಪ್ರಕಾಶಕರಿಗೆ ಇದೊಂದು ವರವೆಂಬುದನ್ನು ನಾನು ಅಲ್ಲಗಳೆಯಲಾರೆ. (ಪುಕ್ಕಟೆಗೂ ಕೆಲವೆಡೆ ಕರಾರುಗಳುಂಟು. ಚಿತ್ರ ಬರೆದವರ ಹೆಸರು ಹಾಕಿರೆಂದು ಕೇಳಿದರೂ ನಮ್ಮವರು ಹಾಕುವುದನ್ನು ನಾನು ಕಂಡದ್ದು ಕಡಿಮೆ.)

ಚಿತ್ತಾರಗಳನ್ನು ಕಲೆಹಾಕಿ ಜನರ ಮುಂದಿಡುವುದು ಹೊಸತೇನೂ ಅಲ್ಲ. 1851ರ ಲಂಡನ್ನಿನ ಮಹಾಪ್ರದರ್ಶನದಲ್ಲಿ ದುಡಿದ ವಾಸ್ತುಶಿಲ್ಪಿ ಓವೆನ್ ಜೋನ್ಸ್, 1856ರಲ್ಲಿ ‘ದಿ ಗ್ರಾಮರ್ ಆಫ್ ಆರ್ನಮೆಂಟ್’ ಎಂಬ ಗ್ರಂಥವನ್ನು ಹೊರತಂದನು. ಈಜಿಪ್ಟ್, ಗ್ರೀಸ್, ಪರ್ಷಿಯ, ಭಾರತ ಮೊದಲಾದ ನಾಡುಗಳ ಅಲಂಕರಣಗಳನ್ನು ಬಣ್ಣದ ಕಲ್ಲಚ್ಚಿನಲ್ಲಿ ಅಲ್ಲಿ ಕಾಣಬಹುದು. ಆದರೆ ಅವನಿಗೆ ಬೇಕಾದುದು, ಹೆಸರೇ ಹೇಳುವಂತೆ, ವ್ಯಾಕರಣ. ಮೊದಲಿಗೇ 37 ಸೂತ್ರಗಳನ್ನಿಟ್ಟ. ಜನ ತನ್ನ ಪುಟಗಳನ್ನು ಸುಮ್ಮನೆ ನಕಲು ಮಾಡಿಯಾರೆಂಬ ಅಳುಕನ್ನು ಮುನ್ನುಡಿಯಲ್ಲೇ ತೋಡಿಕೊಂಡ. ಕೊನೆಯ ಅಧ್ಯಾಯದಲ್ಲಿ ಎಲೆ ಹೂಗಳನ್ನೇ ಚಿತ್ರಿಸಿ, ಮೂಲದತ್ತ ಬೆರಳು ತೋರಿದ. ಇಂದು ಆ ಪುಟಗಳ ಚಿತ್ತಾರಗಳೂ ವೆಕ್ಟರ್ ರೂಪದಲ್ಲಿ ಪುಕ್ಕಟೆ ದೊರೆಯುತ್ತವೆ. ಸೂತ್ರಗಳು ಮಾತ್ರ ಜೊತೆಗೆ ಬರುವುದಿಲ್ಲ. ನಿಘಂಟನ್ನು ಹಂಚಿ ವ್ಯಾಕರಣವನ್ನು ಮನೆಯಲ್ಲಿ ಮರೆತು ಬಂದ ಮೇಷ್ಟರ ಹಾಗಾಯಿತು.

ಇನ್ನು ನಮ್ಮ ಆನೆ. ಧಾರವಾಡ ಸೀಮೆಯ ಕಸೂತಿಯಲ್ಲಿ ಬಟ್ಟೆಯ ಎಳೆ ಎಣಿಸಿ ಸೂಜಿ ಹಾಕಬೇಕು. ಗವಂತಿ ಹೊಲಿಗೆಯಲ್ಲಿ ದಾರ ಒಂದು ಸಲ ಎಡೆ ಬಿಡುತ್ತ ಹೋಗಿ, ಅದೇ ಹಾದಿಯಲ್ಲಿ ಮರಳುತ್ತ ಬಿಟ್ಟ ಎಡೆಗಳನ್ನು ತುಂಬುತ್ತದೆ. ಬಟ್ಟೆಯ ಎರಡು ಮಗ್ಗುಲಲ್ಲಿಯೂ ಒಂದೇ ಗೆರೆ ಮೂಡುತ್ತದೆ, ಗಂಟು ಕಾಣುವಂತಿಲ್ಲ. ಮುರ್ಗಿಯದು ಮೆಟ್ಟಿಲು ಮೆಟ್ಟಿಲಾದ ನಡೆ. ಗೋಪುರ, ತೇರು, ತುಳಸಿಕಟ್ಟೆ, ಎಲ್ಲವೂ ನೆಟ್ಟನೆಯ, ಅಡ್ಡ, ಓರೆ ಗೆರೆಗಳಿಂದಲೇ ಆಗಬೇಕು. ಆದ್ದರಿಂದ ಕಸೂತಿಯ ಆನೆಯ ಬೆನ್ನು ದುಂಡಗಾಗುವುದಿಲ್ಲ, ಮೆಟ್ಟಿಲೇರಿ ಮೆಟ್ಟಿಲಿಳಿಯುತ್ತದೆ. ಅದು ಒರಟುತನವಲ್ಲ, ಎಣಿಸಿದ ಕಣ್ಣಿನ ಗುರುತು. ನಮಗೆ ಸಿಕ್ಕಿದ್ದ ಆನೆಯ ಬೆನ್ನೋ, ಎಣ್ಣೆ ಸವರಿದಷ್ಟು ನುಣುಪು!

ಯಂತ್ರವನ್ನು ದೂರಿ ಫಲವಿಲ್ಲ. ಬಿಂದುವಿನಿಂದ ಬಿಂದುವಿಗೆ ನೇರ ಗೆರೆ ಹಾಯಿಸುವುದು ವೆಕ್ಟರಿಗೆ ಬಲು ಸುಲಭ. ಕಸೂತಿ ಅದಕ್ಕೆ ಚೆನ್ನಾಗಿ ಒಗ್ಗುವ ಕಲೆ. ಇದನ್ನು ಹೇಳಿದ ಮೇಲೆ ಆ ಹುಡುಗ ಅಜ್ಜಿಯ ಇಳಕಲ್ ಸೀರೆ ತಂದು, ಸೆರಗಿನ ಆನೆಯ ಹೊಲಿಗೆಗಳನ್ನು ಎಣಿಸಿ, ಚೌಕುಳಿ ಕಾಗದಕ್ಕೆ ಇಳಿಸಿಕೊಂಡು, ಅದನ್ನೇ ವೆಕ್ಟರ್ ಮಾಡಿದ. ಎರಡು ದಿನ ಹಿಡಿಯಿತು. ಸೊಂಡಿಲು ಒಂದು ಮನೆಯಷ್ಟು ಗಿಡ್ಡವಾಗಿದೆ. ಹಾಗೆಯೇ ಅಚ್ಚಿಗೆ ಕಳಿಸಿದ್ದೇವೆ.