ಹಿಂದಿನ ಸೀಟಿಗೆ ಸಿಸಿಯ ಅಳತೆ ಸಾಲದು

2017ರ ಅಕ್ಟೋಬರ್‌ನಲ್ಲಿ ಕರ್ನಾಟಕದ ಸಾರಿಗೆ ಇಲಾಖೆ ಒಂದು ಸುತ್ತೋಲೆ ಹೊರಡಿಸಿತು. 100 ಸಿಸಿಗಿಂತ ಚಿಕ್ಕ ಎಂಜಿನ್‌ನ ದ್ವಿಚಕ್ರ ವಾಹನಗಳಲ್ಲಿ ಹಿಂಬದಿ ಸವಾರರನ್ನು ಕೂರಿಸುವಂತಿಲ್ಲ ಎಂಬುದು ಅದರ ಸಾರ. ಆಗಲೇ ರಸ್ತೆಯಲ್ಲಿದ್ದ ಗಾಡಿಗಳನ್ನು ಬಿಟ್ಟು, ಹೊಸದಾಗಿ ನೋಂದಣಿಯಾಗುವವಕ್ಕೆ ಮಾತ್ರ ಅದು ಅನ್ವಯಿಸುತ್ತಿತ್ತು. ನಿಯಮ ಹೊಸದೇನಲ್ಲ. 1989ರ ಕರ್ನಾಟಕ ಮೋಟಾರು ವಾಹನ ನಿಯಮಗಳಲ್ಲೇ ಅದು ಇತ್ತು. ಅಪಘಾತ ಪರಿಹಾರದ ಪ್ರಕರಣವೊಂದು ಹೈಕೋರ್ಟಿನ ಮುಂದೆ ಬಂದಾಗ ಮತ್ತೆ ಬೆಳಕಿಗೆ ಬಂತು. ಎಲ್ಲ ಕಡೆಯಿಂದ ಆಕ್ಷೇಪ ಬಂದ ಮೇಲೆ ಮಿತಿಯನ್ನು 50 ಸಿಸಿಗೆ ಇಳಿಸುವುದಾಗಿ ಸರ್ಕಾರ ಹೇಳಿತು, ವಿಷಯ ತಣ್ಣಗಾಯಿತು. ಅದು ಅಷ್ಟು ಬೇಗ ತಣ್ಣಗಾಗಬಾರದಿತ್ತು. ಸುತ್ತೋಲೆ ಎತ್ತಿದ ಪ್ರಶ್ನೆ ಸರಿಯಾದದ್ದೇ: ಚಿಕ್ಕ ಬೈಕಿನ ಹಿಂದೆ ಕೂತವರ ಜೀವಕ್ಕೆ ಏನು ಭದ್ರತೆ? ಆ ಪ್ರಶ್ನೆಗೆ ಅದು ಬಳಸಿದ ಅಳತೆಗೋಲು ಮಾತ್ರ ತಪ್ಪು. ಅಳತೆಗೋಲಿನ ಜೊತೆಗೆ ನಾವು ಪ್ರಶ್ನೆಯನ್ನೂ ಮೂಲೆಗೆ ಹಾಕಿಬಿಟ್ಟೆವು.

ಅಳತೆಗೋಲು ಏಕೆ ತಪ್ಪು ಎಂಬುದನ್ನು ಮೊದಲು ನೋಡಬೇಕು. 1994ರಲ್ಲಿ ಬಂದ ಸ್ಪ್ಲೆಂಡರ್‌ನ ಎಂಜಿನ್ 97.2 ಸಿಸಿ. ಹೊಲ, ಸಂತೆ, ಗಾರ್ಮೆಂಟ್ಸ್ ಕಾರ್ಖಾನೆ ಎಲ್ಲಿ ನೋಡಿದರೂ ಕಾಣುವ ಟಿವಿಎಸ್ ಎಕ್ಸ್‌ಎಲ್ 100ರದ್ದು 99.7 ಸಿಸಿ. ಸ್ಕೂಟಿ ಪೆಪ್ ಪ್ಲಸ್‌ನದು 87.8. ನಿಯಮವನ್ನು ಅಕ್ಷರಶಃ ಓದಿದರೆ ಇವು ಮೂರೂ ಒಬ್ಬರೇ ಓಡಿಸುವ ಗಾಡಿಗಳು. ಎಕ್ಸ್‌ಎಲ್ ಅಂತೂ 0.3 ಸಿಸಿಯಿಂದ ಅನರ್ಹ. ಆದರೆ ಎಂಜಿನ್ನಿಗೆ ಎಳೆಯುವ ತಾಕತ್ತು ಇದೆಯೇ ಇಲ್ಲವೇ ಎಂಬುದನ್ನು ಲೆಕ್ಕ ಹಾಕಿಯೇ ತಿಳಿಯಬಹುದು. ಸ್ಪ್ಲೆಂಡರ್‌ನ ತೂಕ ಸುಮಾರು 112 ಕಿಲೋ. ಓಡಿಸುವವರು 70, ಹಿಂದೆ ಕೂತವರು 60 ಎಂದಿಟ್ಟುಕೊಂಡರೆ ಒಟ್ಟು 242 ಕಿಲೋ. ನೂರು ಅಡಿಗೆ ಏಳು ಅಡಿ ಏರುವ ಘಾಟಿಯಲ್ಲಿ ಇಷ್ಟು ಭಾರವನ್ನು ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಹತ್ತಿಸಲು, ಗಾಳಿಯ ತಡೆಯನ್ನೂ ಟೈರಿನ ಉಜ್ಜಾಟವನ್ನೂ ಸೇರಿಸಿದರೂ, ನಾಲ್ಕು ಅಶ್ವಶಕ್ತಿಯ ಆಸುಪಾಸಿನಲ್ಲಿ ಕೆಲಸ ಆಗುತ್ತದೆ. ಈ ಎಂಜಿನ್ ಕೊಡುವುದು ಎಂಟು. ಗೇರ್ ಇಳಿಸಬೇಕಾಗಬಹುದು, ಲಾರಿಯ ಹಿಂದೆ ತಾಳ್ಮೆಯಿಂದ ಹೋಗಬೇಕಾಗಬಹುದು, ಆದರೆ ಗಾಡಿ ಹತ್ತುತ್ತದೆ. ಹೊಸೂರಿನಲ್ಲಿ ತಯಾರಾಗಿ 1980ರಲ್ಲಿ ಮಾರುಕಟ್ಟೆಗೆ ಬಂದ ಟಿವಿಎಸ್ 50 ದೇಶದ ಮೊದಲ ಇಬ್ಬರ ಮೊಪೆಡ್. ಇಬ್ಬರು ಕೂರಬಹುದು ಎಂಬುದೇ ಅದರ ದೊಡ್ಡ ಗುಣವಾಗಿತ್ತು. ಚಿಕ್ಕ ಎಂಜಿನ್ ಇಬ್ಬರನ್ನು ಹೊರಬಲ್ಲದು ಎಂಬುದು ನಾಲ್ಕು ದಶಕಗಳಿಂದ ನಮ್ಮ ರಸ್ತೆಗಳಲ್ಲಿ ಸಾಬೀತಾಗುತ್ತಲೇ ಬಂದಿದೆ.

ತೊಂದರೆ ಇರುವುದು ಗಾಡಿಯನ್ನು ನಿಲ್ಲಿಸುವುದರಲ್ಲಿ. ಒಬ್ಬರಿದ್ದಾಗ 182 ಕಿಲೋ ಇದ್ದ ಭಾರ ಇಬ್ಬರಾದಾಗ 242 ಆಯಿತೆಂದರೆ ಮೂರನೇ ಒಂದು ಪಾಲು ಹೆಚ್ಚಿದಂತೆ. ಈ ವರ್ಗದ ಹೆಚ್ಚಿನ ಬೈಕುಗಳಲ್ಲಿ ಎರಡೂ ಚಕ್ರಕ್ಕೆ ಇರುವುದು ಕೇಬಲ್ಲು, ರಾಡುಗಳಿಂದ ಎಳೆಯುವ ಡ್ರಮ್ ಬ್ರೇಕ್. ಅದರ ಹಿಡಿತ ಬೆರಳು ಮತ್ತು ಪಾದದ ಬಲದಷ್ಟೇ. ಹಿಂದೆ ಒಬ್ಬರು ಕೂತರೆಂದು ಆ ಬಲ ಹೆಚ್ಚುವುದಿಲ್ಲ. ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಒಬ್ಬರೇ ಹೋಗುವಾಗ 19 ಮೀಟರಿನಲ್ಲಿ ನಿಲ್ಲುವ ಬೈಕು, ಬ್ರೇಕಿನ ಮೇಲೆ ಅಷ್ಟೇ ಬಲ ಬಿದ್ದರೆ, ಇಬ್ಬರಿದ್ದಾಗ 25 ಮೀಟರ್ ದಾಟುತ್ತದೆ. ಆ ಆರು ಮೀಟರಿನಲ್ಲಿ ಒಂದು ಆಟೊ ಅಡ್ಡ ಬರಬಹುದು, ಒಂದು ಮಗು ರಸ್ತೆ ದಾಟುತ್ತಿರಬಹುದು. ಭಾರ ಹಂಚಿಕೆಯಾಗುವ ರೀತಿಯೂ ಬದಲಾಗುತ್ತದೆ. ಹಿಂದೆ ಕೂತವರ ತೂಕ ಬಹುತೇಕ ಹಿಂದಿನ ಚಕ್ರದ ಮೇಲೇ ಬೀಳುವುದರಿಂದ, ಒಬ್ಬರೇ ಇದ್ದಾಗ ಬೇಗ ಜಾರುವ ಹಿಂದಿನ ಚಕ್ರ ಇಬ್ಬರಿದ್ದಾಗ ನೆಲವನ್ನು ಗಟ್ಟಿಯಾಗಿ ಹಿಡಿಯುತ್ತದೆ, ಹಿಂದಿನ ಬ್ರೇಕಿಗೆ ಬೆಲೆ ಬರುತ್ತದೆ. ಆದರೂ ಮುಂದಿನ ಬ್ರೇಕ್ ಸೇರದೆ ಬೇಗ ನಿಲ್ಲಲಾಗದು, ನಮ್ಮಲ್ಲಿ ಬಹಳ ಮಂದಿ ಮುಂದಿನ ಬ್ರೇಕ್ ಮುಟ್ಟುವುದೇ ಇಲ್ಲ. 2019ರ ಏಪ್ರಿಲ್‌ನಿಂದ 125 ಸಿಸಿವರೆಗಿನ ಗಾಡಿಗಳಿಗೂ ಕಡ್ಡಾಯವಾದ ಕಂಬೈನ್ಡ್ ಬ್ರೇಕ್, ಅಂದರೆ ಹಿಂದಿನ ಪೆಡಲ್ ಒತ್ತಿದರೆ ಮುಂದಿನ ಚಕ್ರಕ್ಕೂ ಸ್ವಲ್ಪ ಹಿಡಿತ ಬರುವ ವ್ಯವಸ್ಥೆ, ಈ ಕಾರಣಕ್ಕೆ ನನಗೆ ಮೆಚ್ಚುಗೆಯಾಗುತ್ತದೆ. ಸಿಸಿ ಲೆಕ್ಕದ ಯಾವ ನಿಷೇಧಕ್ಕಿಂತಲೂ ಹಿಂಬದಿ ಸವಾರರಿಗೆ ಅದರಿಂದ ಹೆಚ್ಚು ಉಪಕಾರವಾಗಿದೆ ಎಂದೇ ನನ್ನ ನಂಬಿಕೆ.

ಚಿಕ್ಕ ಬೈಕಿನಲ್ಲಿ ಇಬ್ಬರು ಹೋಗುವಾಗ ಅದನ್ನು ಬೇರೆಯೇ ಗಾಡಿ ಎಂದು ತಿಳಿದು ಓಡಿಸಬೇಕು ಎಂಬುದು ನನ್ನ ವಾದದ ತಿರುಳು. ಕಂಪನಿ ಇದನ್ನು ತಿಳಿದೇ ಗಾಡಿ ಕಟ್ಟಿರುತ್ತದೆ. ಹಿಂದಿನ ಶಾಕ್ ಅಬ್ಸಾರ್ಬರ್‌ನ ಬುಡದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಕತ್ತರಿಸಿದ ಒಂದು ಬಳೆ ಇರುತ್ತದೆ. ಕೊಕ್ಕೆ ಸ್ಪ್ಯಾನರ್ ಹಾಕಿ ತಿರುಗಿಸಿದರೆ ಸ್ಪ್ರಿಂಗು ಗಟ್ಟಿಯಾಗಿ, ಇಬ್ಬರ ಭಾರಕ್ಕೆ ಗಾಡಿ ಕುಸಿಯುವುದಿಲ್ಲ. ಆ ಬಳೆಗೆ ಮಣ್ಣು ಮೆತ್ತಿ ತುಕ್ಕು ಹಿಡಿದು, ಗಾಡಿ ಗುಜರಿಗೆ ಹೋಗುವವರೆಗೂ ಷೋರೂಮಿನಲ್ಲಿ ಇದ್ದ ಮೆಟ್ಟಿಲಿನಲ್ಲೇ ಉಳಿಯುವುದು ಸಾಮಾನ್ಯ. ಹಿಂದಿನ ಟೈರಿಗೆ ಒಬ್ಬರಿಗೊಂದು, ಇಬ್ಬರಿಗೊಂದು ಗಾಳಿಯ ಅಳತೆಯನ್ನು ಚೈನ್ ಕವರಿನ ಮೇಲೋ ಮ್ಯಾನ್ಯುವಲ್‌ನಲ್ಲೋ ಬರೆದಿರುತ್ತಾರೆ, ಎರಡರ ನಡುವೆ ಸಾಕಷ್ಟು ಅಂತರ ಇರುತ್ತದೆ. ಪೆಟ್ರೋಲ್ ಬಂಕಿನಲ್ಲಿ ಗಾಳಿ ಹಾಕುವ ಹುಡುಗ ಕೇಳುವುದು ‘ಎಷ್ಟು ಹಾಕಲಿ’ ಎಂದಷ್ಟೇ, ‘ಡಬಲ್ ಹೋಗ್ತೀರಾ’ ಎಂದಲ್ಲ. ಗಾಳಿ ಕಡಿಮೆಯಾದ ಟೈರಿನ ಮೇಲೆ ಇಬ್ಬರು ಕೂತರೆ ತಿರುವಿನಲ್ಲಿ ಗಾಡಿ ತೂರಾಡುತ್ತದೆ, ಓಡಿಸುವವರು ಅದನ್ನು ರಸ್ತೆಯ ದೋಷ ಎಂದುಕೊಳ್ಳುತ್ತಾರೆ. ರಾತ್ರಿಯ ಮಾತು ಇನ್ನೂ ಗಂಭೀರ. ಹಿಂಭಾಗ ತಗ್ಗಿದರೆ ಹೆಡ್‌ಲೈಟ್ ಮೇಲಕ್ಕೆತ್ತಿ, ಬೆಳಕು ಎದುರಿನವರ ಕಣ್ಣಿಗೆ ಬೀಳುತ್ತದೆ. ತನ್ನ ಚಕ್ರದ ಮುಂದಿನ ಗುಂಡಿ ಕತ್ತಲಲ್ಲಿ ಉಳಿಯುತ್ತದೆ. ಬೀದಿದೀಪವಿಲ್ಲದ ಹಳ್ಳಿ ರಸ್ತೆಯಲ್ಲಿ ಇದೊಂದೇ ಸಾಕು, ಇಬ್ಬರನ್ನೂ ಕೆಡವಲು.

ಇನ್ನು ಸೀಟಿನ ಮೇಲೆ ಕೂತವರನ್ನೇ ನೋಡೋಣ. 1988ರ ಮೋಟಾರು ವಾಹನ ಕಾಯ್ದೆಯ 128ನೇ ಕಲಂ ಓಡಿಸುವವರ ಹಿಂದೆ ಒಬ್ಬರೇ, ಅದೂ ಭದ್ರವಾಗಿ ಕೂರಿಸಿದ ಸೀಟಿನ ಮೇಲೆ ಎನ್ನುತ್ತದೆ. ಕೇಂದ್ರ ನಿಯಮಗಳ 123ನೇ ನಿಯಮ ಹಿಂಬದಿ ಸವಾರರಿಗೆ ಕಾಯಂ ಹಿಡಿಕೆ, ಕಾಲಿಡಲು ಫುಟ್‌ರೆಸ್ಟ್, ಬಟ್ಟೆ ಸಿಕ್ಕಿಕೊಳ್ಳದಂತೆ ಹಿಂದಿನ ಚಕ್ರದ ಅರ್ಧವನ್ನಾದರೂ ಮುಚ್ಚುವ ಕವಚ ಇರಬೇಕೆನ್ನುತ್ತದೆ. ಕಾನೂನು ತಕ್ಕಮಟ್ಟಿಗೆ ಯೋಚಿಸಿದೆ, ಒಪ್ಪೋಣ. ಆದರೆ ನಮ್ಮಲ್ಲಿ ಹಿಂದಿನ ಸೀಟಿನಲ್ಲಿ ಬಹಳಷ್ಟು ಸಲ ಕೂರುವುದು ಸೀರೆಯುಟ್ಟು ಎರಡೂ ಕಾಲನ್ನು ಎಡಕ್ಕೆ ಇಳಿಬಿಟ್ಟ ಹೆಣ್ಣುಮಗಳು. ಆಕೆಯ ತೂಕ ಗಾಡಿಯ ನಡುಗೆರೆಯ ಮೇಲೆ ಇರುವುದಿಲ್ಲ. ಎರಡು ತೊಡೆಗಳಿಂದ ಸೀಟನ್ನು ಅಪ್ಪಿ ಹಿಡಿಯುವ ಅನುಕೂಲ ಆಕೆಗಿಲ್ಲ. ಬಲಗೈ ಗಂಡನ ಹೆಗಲ ಮೇಲೆ, ಎಡಗೈಯಲ್ಲಿ ಮಗು, ಇಲ್ಲವೇ ಸಂತೆಯ ಚೀಲ. ಕಾಯಂ ಹಿಡಿಕೆ ಬೆನ್ನ ಹಿಂದೆ ಎಲ್ಲೋ ಇರುತ್ತದೆ. ಮುಂದೆ ಒಂದು ಹಂಪ್ ಬಂತೆನ್ನಿ. ಓಡಿಸುವವನಿಗೆ ಅದು ಕಾಣುತ್ತದೆ, ಹ್ಯಾಂಡಲ್ ಹಿಡಿದಿರುತ್ತಾನೆ, ಮೈ ಸಿದ್ಧವಾಗುತ್ತದೆ. ಅವನ ಬೆನ್ನೇ ಅಡ್ಡ ಇರುವುದರಿಂದ ಆಕೆಗೆ ಕಾಣುವುದಿಲ್ಲ. ಮುಂದಿನ ಚಕ್ರ ಇಳಿದು, ಸಮಾಧಾನ ಎಂದು ಅವನು ಆಕ್ಸಿಲರೇಟರ್ ತಿರುಗಿಸುವ ಹೊತ್ತಿಗೆ ಹಿಂದಿನ ಚಕ್ರ ಉಬ್ಬಿನ ನೆತ್ತಿಯಲ್ಲಿರುತ್ತದೆ. ಹಿಂದಿನ ಆಕ್ಸಲಿನ ಮೇಲೇ ಕೂತ ಆಕೆಗೆ ಆ ಒದೆ ಪೂರ್ತಿ ಬೀಳುತ್ತದೆ. ರಸ್ತೆಯುಬ್ಬಿನಲ್ಲಿ ಬೈಕಿನಿಂದ ಬಿದ್ದು ಮಹಿಳೆ ಸಾವು ಎಂಬ ಎರಡು ಸಾಲಿನ ಸುದ್ದಿ ಜಿಲ್ಲಾ ಪುಟಗಳಲ್ಲಿ ಮತ್ತೆ ಮತ್ತೆ ಬರುತ್ತದಲ್ಲ, ಅದರ ಹಿಂದೆ ಇರುವುದು ಎಂಜಿನ್ನಿನ ಗಾತ್ರವಲ್ಲ, ಈ ಒಂದು ಕ್ಷಣ. ಅದಕ್ಕೆ ಗಾಡಿ ದೊಡ್ಡದಾದರೂ ಪರಿಹಾರ ಸಿಗುವುದಿಲ್ಲ. ಎಷ್ಟೋ ದೊಡ್ಡ ಸ್ಪೋರ್ಟ್ಸ್ ಬೈಕುಗಳ ಹಿಂದಿನ ಸೀಟು ಅಂಗೈಯಗಲ, ಮೇಲಾಗಿ ಮುಂದಕ್ಕೆ ಇಳಿಜಾರು. ಉದ್ದ, ತಗ್ಗು, ಚಪ್ಪಟೆ ಸೀಟಿರುವ 100 ಸಿಸಿ ಬೈಕೇ ಈ ವಿಷಯದಲ್ಲಿ ಹೆಚ್ಚು ಮಾನವೀಯ.

ಇದಕ್ಕೆ ಬರುವ ಮೊದಲ ಆಕ್ಷೇಪ, ಹಾಗಾದರೆ ಹೆಣ್ಣುಮಕ್ಕಳು ಎರಡೂ ಕಡೆ ಕಾಲು ಹಾಕಿ ಕೂತರಾಯಿತಲ್ಲ ಎಂಬುದು. ಚೂಡಿದಾರ್ ಹಾಕಿಕೊಳ್ಳುವವರಿಗೆ ಆ ಸಲಹೆ ಸರಿಯಾದದ್ದೇ, ಅದರಲ್ಲಿ ಸಂಕೋಚ ಪಡುವಂಥದ್ದು ಏನೂ ಇಲ್ಲ; ಮನೆಯ ಹಿರಿಯರು ‘ಹಾಗೆ ಕೂರಬೇಡ’ ಎಂದು ಗದರಿಸುವುದನ್ನು ನಿಲ್ಲಿಸಬೇಕು. ಸೀರೆ ಉಡುವ ಐವತ್ತರ ತಾಯಿಗೆ ಅದೇ ಮಾತು ಹೇಳಿ ಕೈತೊಳೆದುಕೊಳ್ಳುವುದು ಮಾತ್ರ ನ್ಯಾಯವಲ್ಲ. ಆಕೆ ಹೇಗೆ ಕೂರುತ್ತಾಳೆ ಎಂಬುದು ಗಾಡಿ ವಿನ್ಯಾಸ ಮಾಡುವವರಿಗೆ ಮೊದಲೇ ಗೊತ್ತು. ಗೊತ್ತಿದ್ದೇ ಎಡಬದಿಯ ಸಾರಿ ಗಾರ್ಡಿಗೆ ಎರಡೂ ಪಾದ ಊರಲು ಒಂದು ಮೆಟ್ಟು ಕೊಡುತ್ತಾರೆ. ಪಾದಕ್ಕೆ ಯೋಚಿಸಿದವರು ಕೈಗೂ ಯೋಚಿಸಬೇಕಿತ್ತು: ಒಂದೇ ಬದಿಗೆ ಕೂತವರ ಬಲಗೈಗೆ ಸಹಜವಾಗಿ ಸಿಗುವ ಕಡೆ ಒಂದು ಗಟ್ಟಿ ಹಿಡಿಕೆ. ಹಾಗೆಯೇ, ಚಂದ ಕಾಣುವುದಿಲ್ಲ ಎಂದು ಆ ಸಾರಿ ಗಾರ್ಡನ್ನು ಬಿಚ್ಚಿಸುವ ಯುವಕರ ಅಭ್ಯಾಸವನ್ನು ನಾನು ಕಟುವಾಗಿಯೇ ಖಂಡಿಸುತ್ತೇನೆ. ಅದನ್ನು ಬಿಚ್ಚಿದ ಗಾಡಿಯ ಮೇಲೆ ಮುಂದೊಂದು ದಿನ ದುಪಟ್ಟಾ ಹೊದ್ದ ತಂಗಿಯೋ ಸಹೋದ್ಯೋಗಿಯೋ ಕೂರುತ್ತಾಳೆ. ತಿರುಗುವ ಕಡ್ಡಿಗಳಿಗೆ ಬಟ್ಟೆ ಸಿಕ್ಕಿಕೊಂಡರೆ ಎಳೆತ ಬೀಳುವುದು ಕೊರಳಿಗೆ.

ಎರಡನೆಯ ಆಕ್ಷೇಪ ಹೆಚ್ಚು ತೂಕದ್ದು. ಬಡವರ ಮನೆಯಲ್ಲಿ ಇರುವುದೇ ಒಂದು ಚಿಕ್ಕ ಬೈಕು; ಅದಕ್ಕೆ ಹಿಡಿಕೆ, ಗಾಳಿ, ಹೆಲ್ಮೆಟ್ ಎಂದು ಷರತ್ತು ಹೇರುತ್ತಾ ಹೋದರೆ ಅವರ ಓಡಾಟಕ್ಕೇ ಕುತ್ತು ಬರುತ್ತದೆ ಎಂಬ ಮಾತು. 2017ರ ಸುತ್ತೋಲೆಯ ವಿರುದ್ಧ ಈ ವಾದ ಸರಿಯಿತ್ತು, ಏಕೆಂದರೆ ಅದು ಹಿಂದಿನ ಸೀಟನ್ನೇ ಕಿತ್ತುಕೊಳ್ಳುತ್ತಿತ್ತು. ಗಂಡ ಹೆಂಡತಿ ಕೆಲಸಕ್ಕೆ ಹೋಗುವುದು, ಜ್ವರ ಬಂದ ಅಪ್ಪನನ್ನು ತಾಲ್ಲೂಕು ಆಸ್ಪತ್ರೆಗೆ ಕರೆದೊಯ್ಯುವುದು, ಮಗಳನ್ನು ಪರೀಕ್ಷಾ ಕೇಂದ್ರಕ್ಕೆ ಬಿಡುವುದು, ಎಲ್ಲ ಆ ಸೀಟಿನ ಮೇಲೇ. 2023ರಿಂದ ಶಕ್ತಿ ಯೋಜನೆಯಲ್ಲಿ ಮಹಿಳೆಯರಿಗೆ ಸರ್ಕಾರಿ ಬಸ್ ಉಚಿತವಾದ ಮೇಲೂ ಬಸ್ ನಿಲ್ದಾಣದಿಂದ ಊರೊಳಗಿನ ಮೂರು ನಾಲ್ಕು ಕಿಲೋಮೀಟರ್ ಉಳಿದೇ ಇದೆ. ಆದರೆ ಇದೇ ವಾದವನ್ನು ಹಿಂದೆ ಕೂತವರ ಸುರಕ್ಷತೆಯ ವಿರುದ್ಧ ತಿರುಗಿಸುವುದನ್ನು ನಾನು ಒಪ್ಪಲಾರೆ. ಕೇಂದ್ರ ಸಾರಿಗೆ ಸಚಿವಾಲಯದ ಅಂಕಿಅಂಶದಂತೆ 2022ರಲ್ಲಿ ದೇಶದ ರಸ್ತೆ ಅಪಘಾತಗಳಲ್ಲಿ ಸತ್ತವರು 1,68,491. ಅವರಲ್ಲಿ ಶೇ 44.5ರಷ್ಟು ಮಂದಿ ದ್ವಿಚಕ್ರ ವಾಹನದಲ್ಲಿದ್ದವರು. ಹೆಲ್ಮೆಟ್ ಇಲ್ಲದೆ ಸತ್ತವರು 50,029. ಅವರಲ್ಲಿ 14,337 ಮಂದಿ ಹಿಂಬದಿ ಸವಾರರು. ಕರ್ನಾಟಕದಲ್ಲಿ ಹಿಂಬದಿ ಸವಾರರಿಗೆ ಹೆಲ್ಮೆಟ್ ಕಡ್ಡಾಯವಾದದ್ದು 2016ರ ಜನವರಿಯಲ್ಲಿ. ಇಂದಿಗೂ ಸಣ್ಣ ಊರುಗಳಲ್ಲಿ ದಂಡದ ಭಯಕ್ಕೆ ಮುಂದಿನ ತಲೆಯ ಮೇಲೆ ಹೆಲ್ಮೆಟ್, ಹಿಂದಿನ ತಲೆ ಬರಿದು. ಮನೆಗೆ ಎರಡನೆಯ ಹೆಲ್ಮೆಟ್ ತರುವ ಖರ್ಚನ್ನು ಬಡತನದ ಹೆಸರಿನಲ್ಲಿ ಉಳಿಸಿದಾಗ ಆ ಉಳಿತಾಯದ ಬೆಲೆ ತೆರುವುದು ಹಿಂದೆ ಕೂತವರೇ.

ಓಡಿಸುವವರು ನುರಿತವರಾದರೆ ಸಾಕು ಎಂದು ಹೇಳುವವರೂ ಇದ್ದಾರೆ. ಆ ನೈಪುಣ್ಯವನ್ನು ನಾವು ಎಲ್ಲಿ ಕಲಿಸುತ್ತೇವೆ? ಕಲಿಕಾ ಲೈಸೆನ್ಸ್ ಇರುವಾಗ, ಕಲಿಸುವ ಲೈಸೆನ್ಸ್‌ದಾರರನ್ನು ಬಿಟ್ಟು ಬೇರೆ ಯಾರನ್ನೂ ಹಿಂದೆ ಕೂರಿಸಬಾರದು ಎಂದು ನಿಯಮ ಹೇಳುತ್ತದೆ. ಹಿಂದೆ ಒಬ್ಬರಿದ್ದರೆ ಓಡಿಸುವುದು ಕಷ್ಟ ಎಂಬುದನ್ನು ಕಾನೂನೇ ಒಪ್ಪಿಕೊಂಡಂತಾಯಿತು. ಆಮೇಲೆ ಆರ್‌ಟಿಒ ಮೈದಾನದಲ್ಲಿ ಒಬ್ಬರೇ ಎಂಟರ ಆಕಾರದಲ್ಲಿ ಕಾಲೂರದೆ ಸುತ್ತಿ ಬಂದರೆ ಲೈಸೆನ್ಸ್ ಕೈಗೆ ಬರುತ್ತದೆ. ಮರುದಿನವೇ ಇಬ್ಬರು ಹೋಗಬಹುದು. ಭಾರ ಹೊತ್ತ ಗಾಡಿಯನ್ನು ಇಳಿಜಾರಿನಲ್ಲಿ ಎರಡನೇ ಗೇರಿನ ಎಂಜಿನ್ ಹಿಡಿತದಲ್ಲೇ ಇಳಿಸಬೇಕು, ಆಗುಂಬೆಯ ಹದಿನಾಲ್ಕು ತಿರುವುಗಳ ಉದ್ದಕ್ಕೂ ಬ್ರೇಕ್ ತುಳಿದೇ ಇದ್ದರೆ ಡ್ರಮ್ ಕಾದು ಹಿಡಿತ ಸಡಿಲವಾಗುತ್ತದೆ, ಹಂಪ್ ದಾಟುವಾಗ ಹಿಂದಿನ ಚಕ್ರ ಪೂರ್ತಿ ಇಳಿಯುವವರೆಗೆ ಆಕ್ಸಿಲರೇಟರ್ ಮುಟ್ಟಬಾರದು, ‘ಹಂಪ್ ಇದೆ, ಗಟ್ಟಿಯಾಗಿ ಹಿಡ್ಕೊ’ ಎಂದು ಬಾಯಿಬಿಟ್ಟು ಹೇಳಬೇಕು: ಇವನ್ನು ಯಾವ ಪರೀಕ್ಷೆಯೂ ಕೇಳುವುದಿಲ್ಲ. ಮೈದಾನದ ಆ ಎಂಟನ್ನು ಹಿಂದೆ ಒಬ್ಬರನ್ನು ಕೂರಿಸಿಕೊಂಡು ಇನ್ನೊಮ್ಮೆ ಸುತ್ತಿಸುವುದಕ್ಕೆ ಸರ್ಕಾರಕ್ಕೆ ಹೊಸ ಖರ್ಚೇನೂ ಬೀಳುವುದಿಲ್ಲ. ಮಕ್ಕಳ ವಿಷಯದಲ್ಲಿ ಈ ದಾರಿಯ ಒಂದು ಹೆಜ್ಜೆ ಈಗಾಗಲೇ ಇಟ್ಟಾಗಿದೆ. 2022ರ ಫೆಬ್ರುವರಿಯ ಅಧಿಸೂಚನೆಯಂತೆ ಒಂಬತ್ತು ತಿಂಗಳಿಂದ ನಾಲ್ಕು ವರ್ಷದ ಮಗುವಿಗೆ ಹೆಲ್ಮೆಟ್, ಓಡಿಸುವವರಿಗೆ ಕಟ್ಟುವ ಸುರಕ್ಷಾ ಪಟ್ಟಿ ಬೇಕು. ವೇಗ ಗಂಟೆಗೆ 40 ಕಿಲೋಮೀಟರ್ ಮೀರಬಾರದು. ಎಂಜಿನ್ ಎಷ್ಟು ದೊಡ್ಡದು ಎಂದು ಅದು ಕೇಳುವುದಿಲ್ಲ. ಯಾರು ಕೂತಿದ್ದಾರೆ, ಹೇಗೆ ಕೂತಿದ್ದಾರೆ, ಎಷ್ಟು ವೇಗ ಎಂದು ಕೇಳುತ್ತದೆ. ಹಿಂದಿನ ಸೀಟಿನ ನಿಯಮ ಇರಬೇಕಾದದ್ದು ಹೀಗೆ.

ಸಿಸಿಯ ಅಳತೆ ಇನ್ನು ಹೆಚ್ಚು ದಿನ ನಡೆಯುವುದೂ ಇಲ್ಲ. ಬೆಂಗಳೂರಿನ ರಸ್ತೆಗಳಲ್ಲಿ ದಿನದಿಂದ ದಿನಕ್ಕೆ ಹೆಚ್ಚುತ್ತಿರುವ ಎಲೆಕ್ಟ್ರಿಕ್ ಸ್ಕೂಟರುಗಳಿಗೆ ಸಿಸಿಯೇ ಇಲ್ಲ. 100 ಎಂದರೂ 50 ಎಂದರೂ ಆ ನಿಯಮಕ್ಕೆ ಅವುಗಳ ಬಗ್ಗೆ ಹೇಳಲು ಏನೂ ಉಳಿಯುವುದಿಲ್ಲ. ಅದಕ್ಕಿಂತ ತುರ್ತಿನ ಪ್ರಶ್ನೆ ನಿಧಾನದ ಎಲೆಕ್ಟ್ರಿಕ್ ಗಾಡಿಗಳದು. ಮೋಟಾರಿನ ಶಕ್ತಿ 250 ವಾಟ್‌ಗಿಂತ ಕಡಿಮೆ, ವೇಗ ಗಂಟೆಗೆ 25 ಕಿಲೋಮೀಟರ್ ಒಳಗೆ ಇದ್ದರೆ ಕಾನೂನಿನ ಕಣ್ಣಿನಲ್ಲಿ ಅದು ಮೋಟಾರು ವಾಹನವೇ ಅಲ್ಲ. ನೋಂದಣಿ ಬೇಡ, ಲೈಸೆನ್ಸ್ ಬೇಡ, ಹಿಂದೆ ಹಿಡಿಕೆ, ಫುಟ್‌ರೆಸ್ಟ್, ಕವಚ ಇರಬೇಕೆನ್ನುವ 123ನೇ ನಿಯಮವೂ ಅದಕ್ಕೆ ತಾಗುವುದಿಲ್ಲ. ಟ್ಯೂಷನ್ ಮುಗಿಸಿದ ಹೈಸ್ಕೂಲು ಮಕ್ಕಳು ಅಂಥ ಗಾಡಿಗಳ ಮೇಲೆ ಇಬ್ಬಿಬ್ಬರಾಗಿ ಮನೆಗೆ ಹೋಗುತ್ತಿದ್ದಾರೆ. ಸಾರಿಗೆ ಇಲಾಖೆ ಹಿಂದಿನ ಸೀಟಿನ ಬಗ್ಗೆ ಹೊಸ ಸುತ್ತೋಲೆ ಬರೆಯುವುದಾದರೆ ಅಲ್ಲಿಂದಲೇ ಶುರುಮಾಡಲಿ.